ಕಾರ್ಟ್ರಿಜ್‌ನಲ್ಲಿ ಉಳಿದ ಕುಸ್ತಿ

2000ದ ನವೆಂಬರಿನಲ್ಲಿ ನಿಂಟೆಂಡೊ 64ಕ್ಕೆ ‘ಡಬ್ಲ್ಯುಡಬ್ಲ್ಯುಎಫ್ ನೋ ಮರ್ಸಿ’ ಬಂತು. ಪ್ರಕಟಿಸಿದ್ದು ಟಿಎಚ್‌ಕ್ಯು, ಕಟ್ಟಿದ್ದು ಜಪಾನಿನ ಎಕೆಐ. ಮುಖಗಳು ಒರಟು, ಚಿತ್ರ ಮಸುಕು. ಆದರೂ ಅಭಿಮಾನಿಗಳು ಇಂದಿಗೂ ಅದನ್ನು ಆಡುತ್ತಾರೆ, ಹೊಸ ಪೈಲ್ವಾನರನ್ನು ಸೇರಿಸಿ ತಿದ್ದುತ್ತಾರೆ.

ಕಾರಣ, ಆಟದ ಲಯ. ಗುಂಡಿ ತಟ್ಟಿದರೆ ಸಣ್ಣ ಪಟ್ಟು, ಒತ್ತಿ ಹಿಡಿದರೆ ದೊಡ್ಡದು. ಆರಂಭದಲ್ಲೇ ಆತುರಪಟ್ಟರೆ ಎದುರಾಳಿ ಪಟ್ಟನ್ನು ತಿರುಗಿಸಿಬಿಡುತ್ತಾನೆ. ಪರದೆಯಲ್ಲಿ ಕಾಣುವುದು ಉಳಿದ ಪ್ರಾಣದ ಲೆಕ್ಕವಲ್ಲ, ಹುರುಪಿನ ಲೆಕ್ಕ: ಹೊಡೆದರೆ ಏರುತ್ತದೆ, ಪೆಟ್ಟು ತಿಂದರೆ ಇಳಿಯುತ್ತದೆ. ಅದು ತುಂಬಿದಾಗ ಮಾತ್ರ ಆ ಪೈಲ್ವಾನನ ಹೆಸರಾಂತ ಪಟ್ಟು. ಟಿವಿ ಕುಸ್ತಿ ಮೊದಲೇ ಬರೆದಿಟ್ಟ ಕಥೆ. ಅದರ ಏರಿಳಿತವನ್ನು ಎಕೆಐ ಆಡುವವರ ಬೆರಳಿಗೆ ಒಪ್ಪಿಸಿತು.

ಆಟದ ಮೊದಲ ಪ್ರತಿಗಳಲ್ಲಿ, ಉಳಿಸಿಟ್ಟದ್ದೆಲ್ಲ ತಾನಾಗಿ ಅಳಿಸಿಹೋಗುವ ದೋಷವಿತ್ತು. ಆದರೆ ಹೊರಗೆ ಅಳಿಸಿದ್ದು ಇನ್ನೂ ದೊಡ್ಡದು. ವನ್ಯಜೀವಿ ನಿಧಿಯೊಂದಿಗಿನ ಮೊಕದ್ದಮೆಯಲ್ಲಿ ಸೋತ ಡಬ್ಲ್ಯುಡಬ್ಲ್ಯುಎಫ್ 2002ರಲ್ಲಿ ಡಬ್ಲ್ಯುಡಬ್ಲ್ಯುಇ ಆಯಿತು. ಹಳೆಯ ದೃಶ್ಯಗಳಲ್ಲಿದ್ದ ಲಾಂಛನವನ್ನು ವರ್ಷಗಟ್ಟಲೆ ಮಸುಕುಗೊಳಿಸಿ ತೋರಿಸಿದರು. ಕೇಬಲ್ ಟಿವಿ, ಟ್ರಂಪ್ ಕಾರ್ಡುಗಳ ನಡುವೆ ಬೆಳೆದ ಭಾರತದ ಮಕ್ಕಳಿಗೆ ಕುಸ್ತಿಯೆಂದರೆ ಆ ಮೂರಕ್ಷರವೇ. ಕಾರ್ಟ್ರಿಜ್‌ನಲ್ಲಿ ಅದು ಹಾಗೇ ಇದೆ.

2023ರ ‘ಎಇಡಬ್ಲ್ಯು ಫೈಟ್ ಫಾರೆವರ್’ ಆಟಕ್ಕೆ ನೋ ಮರ್ಸಿಯ ನಿರ್ದೇಶಕ ಹಿದೆಯುಕಿ ಇವಾಶಿತ ಅವರನ್ನೇ ಕರೆತರಲಾಯಿತು. ಹಳೆಯದಕ್ಕೆ ಬೇಡಿಕೆ ಬರೀ ಹಂಬಲದಿಂದ ಬಂದದ್ದಲ್ಲ. ಆ ಲಯ ಬೇರೆಲ್ಲೂ ಸಿಕ್ಕಿರಲಿಲ್ಲ.