ಚಕ್ಕೆ ಎದ್ದ ವಾಷ್‌ಬೇಸಿನ್: ತೇಪೆಗೆ ಮುನ್ನ ಫೋಟೊ

ವಾಷ್‌ಬೇಸಿನ್, ಕಮೋಡ್‌ಗಳು ಸುಮಾರು 1,200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸುಟ್ಟ ಪಿಂಗಾಣಿಯವು. ಭಾರ ತಡೆದರೂ ಪೆಟ್ಟು ತಡೆಯವು. ವಾಷರ್ ಇಲ್ಲದೆ ಬೋಲ್ಟ್ ಬಿಗಿದರೆ, ಸ್ಪ್ಯಾನರ್ ಕೈಜಾರಿದರೆ ಚಕ್ಕೆ ಏಳುತ್ತದೆ.

ಅಂಚಿನ ಸಣ್ಣ ಚಕ್ಕೆಯನ್ನು ಒಣಗಿಸಿ ಎಪಾಕ್ಸಿಯಿಂದ ತುಂಬಬಹುದು. ಬೋಲ್ಟಿನ ರಂಧ್ರದಿಂದ ಗೆರೆ ಹೊರಟಿದ್ದರೆ ಅದು ಬಿರುಕು. ಮನುಷ್ಯನ ಭಾರ ಹೊರುವ ಕಮೋಡ್‌ನಲ್ಲಂತೂ ಇದಕ್ಕೆ ತೇಪೆ ಸಲ್ಲದು, ಬದಲಾಯಿಸಲೇಬೇಕು.

ಪ್ಲಂಬರ್ ಬಿಳಿ ಸಿಮೆಂಟ್ ಮೆತ್ತುವ ಮೊದಲೇ ಫೋಟೊ ತೆಗೆದಿಡುವುದು ಜಾಣತನ. ಮೆತ್ತಿದ ಮೇಲೆ ಪುರಾವೆಯೂ ಮುಚ್ಚಿಹೋಗುತ್ತದೆ. ಹಣ ತೆತ್ತು ಪಡೆದ ಸೇವೆಯ ಲೋಪ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಮೊದಲು 1915 ಸಹಾಯವಾಣಿಗೆ ದೂರು ನೀಡಬಹುದು. ಜಿಲ್ಲಾ ಗ್ರಾಹಕ ಆಯೋಗದ ಮೊರೆ ಹೋಗಲು 2 ವರ್ಷಗಳ ಕಾಲಾವಕಾಶವಿದ್ದು, ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಕೂಲಿಗೆ ಕೈಬರಹದ ರಸೀದಿಯನ್ನಾದರೂ ಪಡೆದಿರಬೇಕು.