ಡಿ ಡ್ರೈವಿನ ಐ೩೮೬ ಮತ್ತು ಕನ್ನಡದ ಒತ್ತಕ್ಷರ

೨೦೦೧ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಸಿಡಿಯಲ್ಲೇ ತುಂಗಾ ಅನ್ನೋ ಕನ್ನಡ ಫಾಂಟಿತ್ತು. ಆದರೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್’ಗೆ ಟಿಕ್ ಹಾಕದಿದ್ದರೆ ‘ಅಮ್ಮ’ ಅನ್ನೋದು ‘ಅಮ್‌ಮ’ ಆಗೋದು. ಟಿಕ್ ಹಾಕಿದರೆ ಸಿಡಿ ಕೇಳೋದು!

ನಾನು ಸ್ಕೂಲಲ್ಲಿದ್ದಾಗ ವಿಜಯನಗರದ ನಮ್ಮನೆ ಕಂಪ್ಯೂಟರಿನ ಡಿ ಡ್ರೈವಲ್ಲಿ ಸಿಡಿಯ ಐ೩೮೬ ಫೋಲ್ಡರ್ ಕಾಪಿ ಮಾಡಿಟ್ಟಿದ್ದರು. ಅದನ್ನು ತೋರಿಸಿದರೆ ಸಾಕು, ಕನ್ನಡ ಸಿದ್ಧ.

ಸಿಡಿ ಡ್ರೈವ್ ಕೆಟ್ಟಿದ್ದರೆ ಇಡೀ ಎಕ್ಸ್‌ಪಿಯನ್ನೇ ಅಲ್ಲಿಂದ ಹಾಕಬಹುದಿತ್ತು. ಡಾಸ್‌ನಲ್ಲಿ ವಿನ್‌ಎನ್‌ಟಿ ಓಡಿಸಬೇಕು. ಡ್ರೈವು ಫ್ಯಾಟ್‌೩೨ ಆಗಿರಬೇಕು, ಎನ್‌ಟಿಎಫ್‌ಎಸ್ ಡಾಸ್ ಕಣ್ಣಿಗೆ ಬೀಳೋಲ್ಲ. ಮೊದಲು ಸ್ಮಾರ್ಟ್‌ಡ್ರೈವ್ ಲೋಡ್ ಮಾಡದಿದ್ದರೆ ಫೈಲ್ ಕಾಪಿಗೇ ಗಂಟೆಗಟ್ಟಲೆ. (ಸಾವಿರಾರು ಸಣ್ಣ ಫೈಲು, ಕ್ಯಾಶೇ ಇಲ್ಲ, ಇನ್ನೇನಾಗತ್ತೆ ಹೇಳಿ!)

೨೦೦೭ರಲ್ಲಿ ಮಾರುಕಟ್ಟೆಗೆ ಬಂದ ವಿಸ್ತಾದಲ್ಲಿ ಟಿಕ್ಕಿನ ತಾಪತ್ರಯ ಇರಲಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ್ದು ೨೦೧೪ರಲ್ಲಿ.