ಘಟಪ್ರಭಾ ಪ್ರದೇಶದ ಎಣ್ಣೆ ಎಂಜಿನ್ನುಗಳು ಮತ್ತು ಅವುಗಳ ಪುನರುದ್ಧಾರ

ಯಂತ್ರಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಶೋಧಕರನ್ನೂ ಕಾರಖಾನೆಗಳನ್ನೂ ಕುರಿತು ಬರೆಯುತ್ತಾರೆ. ಯಂತ್ರವು ಹೊಲಕ್ಕೆ ಬಂದ ಮೇಲೆ ಅದನ್ನು ಬದುಕಿಸಿಕೊಂಡು ಬಂದವರ ವಿಚಾರವು ಅಲ್ಲಿ ವಿರಳ. ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ಒಕ್ಕಲುತನದ ಇತಿಹಾಸಕ್ಕೆ ಈ ಎರಡನೆಯ ವರ್ಗದವರ ಕೆಲಸವೂ ಒಂದು ಆಧಾರವೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಗೋಕಾಕ ಜಲಪಾತದ ಬಲದಿಂದ ಅಲ್ಲಿಯ ನೂಲಿನ ಗಿರಣಿಯು 1887ರಲ್ಲಿಯೇ ನಡೆಯತೊಡಗಿತು. ಆದರೆ ಜಲಶಕ್ತಿಯು ಗಿರಣಿಗೆ ದೊರೆತಷ್ಟು ಬೇಗ ಬಾವಿಗಳಿಗೆ ದೊರೆಯಲಿಲ್ಲ. ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘವು ಸ್ಥಾಪನೆಯಾದುದು 1969ರಲ್ಲಿ. ಅದಕ್ಕೆ ಮೊದಲು ಕಾಲುವೆ ಮುಟ್ಟದ ನೆಲದಲ್ಲಿ ಎತ್ತಿನ ಕಪಿಲೆಯ ಸ್ಥಾನಕ್ಕೆ ಬರಬಲ್ಲ ಸಾಧನವೆಂದರೆ ಎಣ್ಣೆ ಎಂಜಿನ್ನು. ಇದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲಿನಿಂದ ತಮ್ಮ ಉದ್ಯಮವನ್ನು ಬೆಳೆಸಿದರು. ಅವರ ಮನೆತನದ ಎಣ್ಣೆ ಎಂಜಿನ್ನಿನ ಕಂಪನಿಯು 1946ರಲ್ಲಿ ಪುಣೆಯಲ್ಲಿ ಆರಂಭವಾಯಿತು.

ಈ ಯಂತ್ರದ ವೈರಿಯೂ ನೀರೇ. ಪಂಪು ಎತ್ತಿದ ನೀರಿನಲ್ಲಿಯೇ ಒಂದು ಪಾಲನ್ನು ಎಂಜಿನ್ನನ್ನು ತಂಪಾಗಿಸಲು ಹರಿಯಬಿಡುವ ರೂಢಿಯುಂಟು. ಸದಾ ಹೊಸದಾಗಿ ಬರುವ ನೀರು ತನ್ನೊಡನೆ ಆಮ್ಲಜನಕವನ್ನೂ ಲವಣಗಳನ್ನೂ ತರುತ್ತದೆ. ಲವಣವು ಒಳಗೋಡೆಗೆ ಹೆಪ್ಪುಗಟ್ಟಿ ಶಾಖವನ್ನು ತಡೆಯುತ್ತದೆ; ಆಮ್ಲಜನಕವು ಬೀಡುಕಬ್ಬಿಣವನ್ನು ತಿನ್ನುತ್ತದೆ. ಸುಗ್ಗಿಯ ನಂತರ ನೀರು ಬಸಿಯದೆ ನಿಲ್ಲಿಸಿದ ಎಂಜಿನ್ನಿನಲ್ಲಿ ಈ ತುಕ್ಕು ಸದ್ದಿಲ್ಲದೆ ಮುಂದುವರಿಯುತ್ತದೆ. ಕೊನೆಗೆ ಲೈನರು ಕೂಡುವ ಅಂಚು ಸವೆದು, ನೀರು ಕೆಳಗಿನ ಎಣ್ಣೆಯಲ್ಲಿ ಬೆರೆತು, ಬೇರಿಂಗುಗಳೂ ಕೆಡುತ್ತವೆ.

ಹೀಗೆ ಕೆಟ್ಟ ಬ್ಲಾಕನ್ನು ಉಳಿಸುವ ಕ್ರಮವು ಗಮನಾರ್ಹವಾಗಿದೆ. ಮೊದಲು ತುಕ್ಕನ್ನು ತೆಗೆದು, ಒತ್ತಡದ ನೀರಿನಿಂದ ಬಿರುಕುಗಳನ್ನು ಪರೀಕ್ಷಿಸುತ್ತಾರೆ. ಬಳಿಕ ತಿಂದುಹೋದ ಅಂಚನ್ನು ಬೋರಿಂಗ್ ಯಂತ್ರದಲ್ಲಿ ಗಟ್ಟಿ ಲೋಹ ಸಿಕ್ಕುವವರೆಗೆ ಕೊರೆದು, ಅಲ್ಲಿಗೆ ಬಿಗಿಯಾದ ಬಳೆಯೊಂದನ್ನು ಕೂಡಿಸಿ, ಅದನ್ನು ಪುನಃ ಮೂಲ ಅಳತೆಗೆ ಕೊರೆಯುತ್ತಾರೆ. ಬಳೆಯ ಬಿಗಿಯು ಮಿಲಿಮೀಟರಿನ ನೂರನೆಯ ಕೆಲವೇ ಭಾಗಗಳಷ್ಟು; ಹೆಚ್ಚಾದರೆ ಬೀಡು ಸೀಳುತ್ತದೆ, ಕಡಿಮೆಯಾದರೆ ನೀರು ಸೋರುತ್ತದೆ. ಕೊರೆತವು ಕ್ರ್ಯಾಂಕಿನ ಅಕ್ಷಕ್ಕೆ ಲಂಬವಾಗಿರದಿದ್ದರೆ ಪಿಸ್ಟನ್ನು ಓರೆಯಾಗಿ ಸವೆಯುತ್ತದೆ. ಬೀಡನ್ನು ಬೆಸೆಯುವುದು ಇನ್ನೂ ಕಠಿಣ: ನಿಧಾನವಾಗಿ ಕಾಯಿಸಿ ನಿಧಾನವಾಗಿ ಆರಿಸದಿದ್ದರೆ ಬೆಸುಗೆಯ ಪಕ್ಕದಲ್ಲಿಯೇ ಹೊಸ ಬಿರುಕು ಮೂಡುತ್ತದೆ.

ಈ ಕೆಲಸದ ಆರ್ಥಿಕ ಮಹತ್ವವು ಸ್ಪಷ್ಟವಾಗಿದೆ. ಕಬ್ಬಿಗೆ ನೀರು ತಪ್ಪಿದ ವಾರಗಳನ್ನು ಹೊಸ ಬ್ಲಾಕು ಮರಳಿ ಕೊಡಲಾರದು. ಆದುದರಿಂದ ಒಕ್ಕಲಿಗನಿಗೆ ಕಾರಖಾನೆಯ ದೂರಕ್ಕಿಂತ ಲೇಥಿನ ಸಾಮೀಪ್ಯವೇ ಹೆಚ್ಚಿನದು. ವಿದ್ಯುತ್ತು ಬಂದ ಮೇಲೆಯೂ ಅದು ಕೈಕೊಟ್ಟ ದಿನಗಳಲ್ಲಿ ಎಂಜಿನ್ನೇ ಆಸರೆ. ಯಂತ್ರಯುಗವು ನಾಡಿಗೆ ಬಂದುದು ಕೊಳ್ಳುವುದರಿಂದಷ್ಟೇ ಅಲ್ಲ, ದುರಸ್ತಿಯಿಂದಲೂ ಎಂದು ಇದರಿಂದ ಹೇಳಬಹುದು.

ಆದರೆ ದುರಸ್ತಿಗಾರನು ಶಾಸನ ಬರೆಸುವುದಿಲ್ಲ. ಅವನ ದಾಖಲೆಯೆಂದರೆ ಬ್ಲಾಕಿನೊಳಗಿನ ಬಳೆ. ಬ್ಲಾಕು ಗುಜರಿಗೆ ಹೋಗಿ ಕರಗಿದೊಡನೆ ಅದೂ ಅಳಿಯುತ್ತದೆ. ನಮ್ಮ ವಿದ್ಯಾರ್ಥಿಗಳು ಶಾಸನಗಳ ಪಡಿಯಚ್ಚು ತೆಗೆಯುವ ಶ್ರದ್ಧೆಯಿಂದಲೇ ಈ ಅಂಗಡಿಗಳ ಲೆಕ್ಕದ ಪುಸ್ತಕಗಳನ್ನೂ ಹಿರಿಯ ಕುಶಲಿಗಳ ಮಾತುಗಳನ್ನೂ ಸಂಗ್ರಹಿಸಬೇಕಾಗಿದೆ.